ಮುಂಗಡ ಕಟ್ಟಿ ಕಾಯುವ ಕೈಗಡಿಯಾರ: ಮಾಡುವವರನ್ನು ನಂಬುವ ಮುಂಚೆ ನೋಡಬೇಕಾದ್ದೇನು?

ನಿಮಿಷದ_ಮುಳ್ಳು

ಸ್ವಿಟ್ಜರ್ಲೆಂಡಿನ ಒಬ್ಬ ಸ್ವತಂತ್ರ ತಯಾರಕರು ಕೀ ಕೊಡುವ ವಾಚೊಂದಕ್ಕೆ ಬುಕಿಂಗ್ ತೆರೆದಿದ್ದಾರೆ. ಹೆಸರು ಬೇಡ, ಚರ್ಚೆ ಅವರೊಬ್ಬರ ಮೇಲೇ ನಿಲ್ಲಬಾರದು. ಗಂಟೆ, ನಿಮಿಷದ ಮುಳ್ಳು, 6ರ ಹತ್ತಿರ ಚಿಕ್ಕ ಸೆಕೆಂಡು. ಒಟ್ಟು 50 ಮಾತ್ರ. ಮುಂಗಡ ಶೇ 30, ವಾಚ್ ಕೈಗೆ ಬರೋದು ಎರಡು ವರ್ಷಕ್ಕೆ. ಮೂವ್‌ಮೆಂಟ್ (ಒಳಗಿನ ಯಂತ್ರ) ‘ನಮ್ಮದೇ’ ಅಂತಾರೆ. ಕೇಳಬೇಕಾದ ಪ್ರಶ್ನೆ ಯಾವುವು, ಫೋಟೋದಲ್ಲಿ ಎಲ್ಲಿ ಕಣ್ಣಿಡಬೇಕು, ಎಲ್ಲಿ ಕೈ ಸುಡುತ್ತೆ, ಗೊತ್ತಿರುವವರು ಬರೆಯಿರಿ. ‘ಇದರ ಬದಲು ಅದನ್ನ ತಗೊಳ್ಳಿ’ ಅನ್ನುವ ಸಲಹೆ ಸದ್ಯಕ್ಕೆ ಬೇಡ.

ಲೋಲಕ

ಮುಂಗಡ ಕಟ್ಟಿಸಿಕೊಂಡು ಗಡಿಯಾರ ಮಾಡೋದು ಹಳೇ ಪದ್ಧತಿ. ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಪ್ಯಾರಿಸ್ ಬಿಟ್ಟಿದ್ದ ಅಬ್ರಹಾಂ ಲೂಯಿ ಬ್ರೆಗೆ 1795ರಲ್ಲಿ ವಾಪಸ್ ಬಂದು ವ್ಯಾಪಾರ ಮತ್ತೆ ಎತ್ತಿ ನಿಲ್ಲಿಸುವಾಗ ‘ಚಂದಾ’ ಗಡಿಯಾರ ಅಂತಲೇ ಒಂದು ಬಗೆ ತಂದರು. ಒಂದೇ ಮುಳ್ಳು, ಕಡಿಮೆ ಭಾಗಗಳು. ಬೆಲೆಯ ಕಾಲು ಭಾಗ ಆರ್ಡರ್ ಕೊಡುವಾಗ, ಉಳಿದದ್ದು ಗಡಿಯಾರ ಕೈಸೇರುವಾಗ. ಇನ್ನೂರು ವರ್ಷ ಕಳೆದು 1999ರಲ್ಲಿ ವಾಚು ತಯಾರಕ ಎಫ್.ಪಿ. ಜೂರ್ನ್ ತಮ್ಮ ಮೊದಲ 20 ಟೂರ್ಬಿಯೋನ್ (ಬಡಿತದ ಭಾಗವೇ ಸುತ್ತುತ್ತಿರುವ) ವಾಚುಗಳನ್ನು ಇದೇ ದಾರಿಯಲ್ಲಿ ಮಾರಿದರು. ಹಾಗಾಗಿ ಮುಂಗಡ ಕೇಳಿದ್ದಕ್ಕೇ ಅನುಮಾನ ಪಡಬೇಡಿ. ಆದರೆ ಬ್ರೆಗೆ ಚಂದಾ ಎತ್ತಿದ್ದು ತಾನು ಮಾಡಬಲ್ಲ ಅತಿ ಸರಳ ಗಡಿಯಾರಕ್ಕೆ. ಇನ್ನೂ ಒಂದು ದಿನವೂ ಓಡದ ಹೊಸ ಎಸ್ಕೇಪ್‌ಮೆಂಟಿಗೆ (ಚಕ್ರವನ್ನು ಒಂದೊಂದೇ ಹಲ್ಲಾಗಿ ಬಿಡುವ ಭಾಗ) ಕಂಪ್ಯೂಟರ್ ಚಿತ್ರ ತೋರಿಸಿ ದುಡ್ಡು ಕೇಳಿದರೆ ಅದು ಕೂಸು ಹುಟ್ಟುವ ಮುಂಚೆ ಹೊಲಿಸಿದ ಕುಲಾವಿ. ಓಡುತ್ತಿರುವ ಮಾದರಿ ಎಷ್ಟಿವೆ, ಎಷ್ಟು ತಿಂಗಳಿಂದ ಯಾರ ಕೈಮೇಲೆ ಇವೆ ಅಂತ ಮೊದಲು ಕೇಳಿ.

ಇನ್ನು 50ರ ಲೆಕ್ಕ. ವಾಲೆ ದ ಜೂ ಕಣಿವೆಯ ಫಿಲಿಪ್ ಡುಫೂರ್ 1996ರಲ್ಲಿ ತೋರಿಸಿದ ‘ಡ್ಯುಯಾಲಿಟಿ’ 25 ಆಗಬೇಕಿತ್ತು, ಆದದ್ದು 9. ಅವರದೇ ‘ಸಿಂಪ್ಲಿಸಿಟಿ’ 100 ಅಂತ 2000ದಲ್ಲಿ ಶುರುವಾಗಿ ಇನ್ನೂರು ದಾಟಿತು. ಇಬ್ಬರು ಬೇರೆ ಬೇರೆ ಮಾಲೀಕರಲ್ಲ, ಒಬ್ಬನೇ ಮನುಷ್ಯ. ಅವರ ಕೆಲಸದ ಮೇಲೆ ಯಾರಿಗೂ ಅನುಮಾನ ಇಲ್ಲ. ಅಂಕಿ ಅನ್ನೋದು ಆ ಹೊತ್ತಿನ ಅಂದಾಜು ಅಷ್ಟೇ. ಮೋಸ ಇರೋದು ಬೇರೆ ಕಡೆ: 50 ಅಂದರೆ ಒಟ್ಟು 50ಓ, ಪ್ರತಿ ಲೋಹಕ್ಕೆ 50ಓ, ಪ್ರತಿ ಡಯಲ್ ಬಣ್ಣಕ್ಕೆ 50ಓ? ಹಿಂಬದಿಯಲ್ಲಿ ‘17/50’ ಅಂತ ಇದ್ದರೆ ಆ ವಾಚಿಗೆ ಒಂದು ಗುರುತು ಇದೆ. ‘50ರಲ್ಲಿ ಒಂದು’ ಅಂತ ಮಾತ್ರ ಕೊರೆದಿದ್ದರೆ ಎಲ್ಲ ಮುಚ್ಚಳವೂ ಒಂದೇ, ಎಣಿಸುವವರು ಯಾರೂ ಇಲ್ಲ.

ಇದಕ್ಕಿಂತ ಮುಖ್ಯ, ಬೆಂಚಿನ ಮೇಲೆ ಎಷ್ಟು ಜನ ಕೂರುತ್ತಾರೆ. ಐಲ್ ಆಫ್ ಮ್ಯಾನ್‌ನ ರೋಜರ್ ಸ್ಮಿತ್ ಕಾರ್ಯಾಗಾರದಿಂದ ಒಂದು ವರ್ಷಕ್ಕೆ ಎರಡು ಡಜನ್ ವಾಚೂ ಹೊರಬರೋದಿಲ್ಲ. ಇಬ್ಬರೇ ಇರುವ ಅಂಗಡಿ ವರ್ಷಕ್ಕೆ 50 ‘ಪೂರಾ ಕೈಕೆಲಸ’ ಅಂದರೆ ಭಾಗಗಳು ಹೊರಗಿಂದ ಬರುತ್ತಿವೆ ಅಂತಲೇ ತಿಳಿಯಿರಿ. ಹೊರಗಿಂದ ತರೋದು ತಪ್ಪಲ್ಲ, ಅದನ್ನ ಮುಚ್ಚಿಡೋದು ತಪ್ಪು.

ಸ್ಕ್ರೂ_ತಲೆ

ನಾನು ಕೈಕೆಲಸದ ಬಗ್ಗೆ ಮಾತ್ರ ಹೇಳ್ತೀನಿ. 10 ಪಟ್ಟು ದೊಡ್ಡದಾಗಿ ಕಾಣಿಸುವ ಲೂಪ್ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಒಂದೇ ದೀಪ ಇಟ್ಟುಕೊಳ್ಳಿ, ವಾಚನ್ನ ಓಲಾಡಿಸಿ. ನಾಲ್ಕು ಕಡೆಯಿಂದ ಬೆಳಕು ಬಿದ್ದರೆ ಏನೂ ಗೊತ್ತಾಗಲ್ಲ, ಅದಕ್ಕೇ ಜಾಹೀರಾತಿನ ಫೋಟೋದಲ್ಲಿ ಎಲ್ಲವೂ ಚೆನ್ನಾಗಿ ಕಾಣೋದು.

ಮೊದಲು ಬ್ರಿಡ್ಜ್‌ಗಳ, ಅಂದ್ರೆ ಚಕ್ರಗಳನ್ನ ಹಿಡಿದಿಡುವ ಲೋಹದ ಪಟ್ಟಿಗಳ, ಒಳಮೂಲೆ. ಬ್ರಿಡ್ಜ್ ಅಂಚನ್ನ 45 ಡಿಗ್ರಿಗೆ ಸೀಳಿ ಹೊಳಪು ಕೊಟ್ಟಿರ್ತಾರೆ. ಹೊರಮೂಲೆಯನ್ನ ಮಿಷನ್ನೂ ಮಾಡುತ್ತೆ. ಒಳಗೆ ಚುಚ್ಚಿದ ಮೂಲೆ ಬಂದಾಗ ಮಿಷನ್‌ಗೆ ಕಷ್ಟ, ಯಾಕಂದ್ರೆ ತಿರುಗುವ ಕಟರ್ ತನ್ನ ದುಂಡಗಿನ ಗುರುತನ್ನ ಬಿಟ್ಟೇ ಹೋಗುತ್ತೆ. ಅದನ್ನ ಚೂಪು ಮಾಡಬೇಕಾದರೆ ಕೈಯಲ್ಲಿ ಅರ, ಆಮೇಲೆ ನಯವಾದ ಕಲ್ಲು, ಕೊನೆಗೆ ಜೆಂಶಿಯನ್ ಗಿಡದ ಒಣಕಡ್ಡಿಗೆ ವಜ್ರದ ಪುಡಿ ಹಚ್ಚಿ ಉಜ್ಜಬೇಕು. ಸರಿಯಾಗಿ ಮಾಡಿದ್ದರೆ ಎರಡು ಹೊಳೆಯುವ ಪಟ್ಟಿ ಸೇರುವ ಕಡೆ ಒಂದು ಗೆರೆ ಕಾಣುತ್ತೆ, ಕಾಗದ ಮಡಿಚಿದ ಹಾಗೆ. ಗೆರೆ ಇಲ್ಲದೆ ಬೆಳಕು ಮೂಲೆಯಲ್ಲಿ ಬಳಸಿಕೊಂಡು ಹೋದರೆ ಅದು ಕಟರ್ ಕೆಲಸ. ಇನ್ನು ಕೆಲವರು ಒಳಮೂಲೆಯೇ ಬಾರದ ಹಾಗೆ ಬ್ರಿಡ್ಜ್ ಚಿತ್ರ ಬರೀತಾರೆ, ಎಲ್ಲವೂ ದುಂಡುದುಂಡು. ಅದು ವಿನ್ಯಾಸ ಅಂತ ಹೇಳಿಕೊಂಡರೂ ಅರ್ಧ ಪಾಲು ಉಳಿತಾಯ.

ಎರಡನೇದು ಉಕ್ಕಿನ ಭಾಗಗಳ ಕಪ್ಪು ಪಾಲಿಶ್. ತವರದ ಹಲಗೆ ಮೇಲೆ ನುಣ್ಣನೆ ಪುಡಿ, ಒಂದೆರಡು ಹನಿ ಎಣ್ಣೆ ಹಾಕಿ, ಭಾಗವನ್ನ ಚಪ್ಪಟೆ ಒತ್ತಿ ಉಜ್ಜೋದು. ಓಲಾಡಿಸಿದರೆ ಇಡೀ ಮೇಲ್ಮೈ ಒಮ್ಮೆಗೇ ಬೆಳ್ಳಗಿಂದ ಕಪ್ಪಗೆ ತಿರುಗಬೇಕು. ಮಧ್ಯೆ ಬೂದು ಮೋಡ ಕಂಡರೆ, ಅಂಚಿನ ಕಡೆ ಬೆಳಕು ಜಾರಿದರೆ, ಬಟ್ಟೆಚಕ್ರಕ್ಕೆ ಹಿಡಿದಿದ್ದಾರೆ ಅಂತ ಅರ್ಥ.

ಮೂರನೇದು ನೀಲಿ ಸ್ಕ್ರೂ. ಉಕ್ಕಿನ ಸ್ಕ್ರೂಗಳನ್ನ ಹಿತ್ತಾಳೆ ಅರಪುಡಿ ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ ಕೆಳಗೆ ದೀಪ ಹಿಡೀತಾರೆ. 230 ಡಿಗ್ರಿ ಸುಮಾರಿಗೆ ಒಣಹುಲ್ಲಿನ ಬಣ್ಣ, 255ಕ್ಕೆ ಕಂದು, 280ಕ್ಕೆ ನೇರಳೆ, 295–300ಕ್ಕೆ ಬೇಕಾದ ಕಡುನೀಲಿ. ಅಲ್ಲಿ ಒಂದೆರಡು ಸೆಕೆಂಡು ತಡವಾದರೆ ಬಣ್ಣ ಬೂದಿಗೆ ಇಳಿದುಬಿಡುತ್ತೆ, ಆ ಸ್ಕ್ರೂವನ್ನ ಮತ್ತೆ ಉಜ್ಜಿ ಬಿಳಿ ಮಾಡಿ ಮೊದಲಿಂದ ಶುರು ಮಾಡಬೇಕು. ಒಂದೇ ಬ್ರಿಡ್ಜಿನ ಮೂರು ಸ್ಕ್ರೂ ಮೂರು ಬಗೆ ನೀಲಿ ಇದ್ದರೆ ಕೆಲಸಗಾರ ಅವಸರದಲ್ಲಿದ್ದ ಅಥವಾ ಆಮೇಲೆ ಯಾರೋ ಒಂದನ್ನ ಬದಲಿಸಿದ್ದಾರೆ. ಸ್ಕ್ರೂ ತಲೆಯ ಸೀಳಿನ ಅಂಚಲ್ಲಿ ಬಿಳಿ ಮಿನುಗು ಕಂಡರೆ ಸ್ಕ್ರೂಡ್ರೈವರ್ ಜಾರಿದೆ. ಹೊಸ ವಾಚಿನಲ್ಲಿ ಅದು ಇರಲೇಬಾರದು.

ಕೊನೇ ಮಾತು: ಹಿಂಬದಿ ಗಾಜಿನಿಂದ ಕಾಣುವ ಫೋಟೋ ಯಾರಾದರೂ ಕಳಿಸ್ತಾರೆ. ನೀವು ಡಯಲ್ ಕೆಳಗಿನ ಬದಿಯ ಫೋಟೋ ಕೇಳಿ, ಕೀ ತಿರುಗಿಸುವ ಲೀವರ್‌ಗಳು ಕೂರುವ ಜಾಗ. ಯಾರ ಕಣ್ಣಿಗೂ ಬೀಳದ ಕಡೆ ಹೇಗೆ ಮಾಡಿದ್ದಾರೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಓಟ_ಮೊದಲು

ಮೂಲೆ, ಹೊಳಪು ಎಲ್ಲ ಸರಿ ಸಾರ್, ಅದರಿಂದ ಟೈಮ್ ಸರಿ ಬರುತ್ತಾ? ಒಂದು ಸಾಧಾರಣ ಜಪಾನಿ ಆಟೋಮ್ಯಾಟಿಕ್ಕೂ ದಿನಕ್ಕೆ ಐದಾರು ಸೆಕೆಂಡಿನೊಳಗೆ ಓಡುವ ಹಾಗೆ ಹೊಂದಿಸಬಹುದು. ಲಕ್ಷಗಟ್ಟಲೆ ಕೊಟ್ಟವರು ಹೊಳಪನ್ನ ಮಾತ್ರ ಎಣಿಸ್ತಾರೆ.

ಸ್ಕ್ರೂ_ತಲೆ

ಬರಲ್ಲ. ಬ್ರಿಡ್ಜ್ ಅಂಚಿಗೂ ಟೈಮಿಗೂ ಸಂಬಂಧ ಇಲ್ಲ, ಒಪ್ಪಿದೆ. ಸಂಬಂಧ ಇರೋದು ಪಿವಟ್‌ಗಳಿಗೆ, ಅಂದ್ರೆ ಚಕ್ರದ ಅಚ್ಚಿನ ತುದಿಗಳಿಗೆ. ಅವನ್ನ ಗಟ್ಟಿ ಉಕ್ಕಿನಿಂದ ಒತ್ತಿ ಉಜ್ಜಿದರೆ ಮೇಲ್ಪದರ ಬಿಗಿಯಾಗಿ ಘರ್ಷಣೆ ಇಳಿಯುತ್ತೆ, ಬೇಗ ಸವೆಯೋದೂ ಇಲ್ಲ. ಅದು ಫೋಟೋದಲ್ಲಿ ಕಾಣಲ್ಲ, ಟೈಮ್‌ಗ್ರಾಫರ್‌ನಲ್ಲಿ ಕಾಣುತ್ತೆ.

ಜಾಲಹಳ್ಳಿ_0231

ಹಾಗಾದ್ರೆ ಟೈಮ್‌ಗ್ರಾಫರ್ ಬಗ್ಗೆ ನಾನೇ ಬರೀತೀನಿ. ಮೈಕ್‌ನಲ್ಲಿ ವಾಚಿನ ಟಿಕ್ ಕೇಳಿ ಲೆಕ್ಕ ಹಾಕುವ ಯಂತ್ರ, ಚೀನಾದ ಸಾಧಾರಣದ್ದೇ ಸಾಕು.

ಪೂರ್ತಿ ಕೀ ಕೊಡಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ, ಸ್ಪ್ರಿಂಗ್‌ನ ಮೊದಲ ಬಿಗಿ ಇಳಿಯಲಿ. ಲಿಫ್ಟ್ ಆಂಗಲ್ (ಪ್ರತಿ ಟಿಕ್‌ನಲ್ಲಿ ತಳ್ಳು ಸಿಗುವಾಗ ತೂಗುವ ಚಕ್ರ ತಿರುಗುವ ಡಿಗ್ರಿ) ಅನ್ನುವ ಅಂಕಿಯನ್ನ ಆ ಮೂವ್‌ಮೆಂಟಿಗೆ ಸರಿಯಾಗಿ ಹೊಂದಿಸಿ (ಇದನ್ನ ಮರೆತರೆ ಮುಂದಿನದ್ದೆಲ್ಲ ಸುಳ್ಳು). ಆಮೇಲೆ ಆರು ಭಂಗಿ: ಡಯಲ್ ಮೇಲೆ, ಡಯಲ್ ಕೆಳಗೆ, ಕೀ ಎಡ, ಬಲ, ಮೇಲೆ, ಕೆಳಗೆ. ಪ್ರತಿ ಭಂಗಿಯಲ್ಲೂ ಅರ್ಧ ನಿಮಿಷ ಸುಮ್ಮನಿದ್ದು ಆಮೇಲೆ ಓದಿ. 24 ಗಂಟೆ ಕಳೆದ ಮೇಲೆ ಕೀ ಕೊಡದೆ ಮತ್ತೆ ಆರೂ.

ಬ್ಯಾಲೆನ್ಸ್ ಚಕ್ರ (ಹಿಂದೆಮುಂದೆ ತೂಗಿ ಟೈಮ್ ಹಿಡಿಯೋದು) ಎಷ್ಟು ಡಿಗ್ರಿ ತೂಗುತ್ತೆ ಅನ್ನೋದು ಆಂಪ್ಲಿಟ್ಯೂಡ್. ಹೊಸ ಅಥವಾ ಸರ್ವಿಸ್ ಆದ ವಾಚು ಮಲಗಿದ್ದಾಗ 270ರಿಂದ 310, ನಿಂತಿದ್ದಾಗ ಅದಕ್ಕಿಂತ 20–40 ಕಡಿಮೆ. 24 ಗಂಟೆ ಮೇಲೆ ನಿಂತ ಭಂಗಿಯಲ್ಲಿ 200ರ ಕೆಳಗೆ ಇಳಿದರೆ ಎಲ್ಲೋ ಎಣ್ಣೆ ಒಣಗಿದೆ ಅಥವಾ ಸ್ಪ್ರಿಂಗ್ ಸೋತಿದೆ. ಹಾಗಂತ 330 ದಾಟಿದರೂ ಒಳ್ಳೇದಲ್ಲ: ಚಕ್ರ ಒಂದು ಸುತ್ತು ಹತ್ತಿರ ತಿರುಗಿ ತನ್ನನ್ನು ತಳ್ಳುವ ಪ್ಯಾಲೆಟ್ ಫೋರ್ಕನ್ನ ಹೊರಗಡೆಯಿಂದ ಗುದ್ದುತ್ತೆ, ವಾಚು ಕುದುರೆ ಹಾಗೆ ಮುಂದೆ ಓಡುತ್ತೆ. ಬೀಟ್ ಎರರ್ (ಟಿಕ್, ಟಾಕ್ ನಡುವಿನ ಅಸಮತೆ) 0.5 ಮಿಲಿಸೆಕೆಂಡ್ ಒಳಗಿರಲಿ.

ಅಂಕಿಗಿಂತ ವ್ಯತ್ಯಾಸ ಜಾಸ್ತಿ ಮಾತಾಡುತ್ತೆ. ಡಯಲ್ ಮೇಲೆ 300, ಡಯಲ್ ಕೆಳಗೆ 265 ಅಂದರೆ ಒಂದು ಪಿವಟ್ ತುದಿ ಚಪ್ಪಟೆಯಾಗಿದೆ ಇಲ್ಲವೇ ಆ ಕಡೆಯ ಕಲ್ಲಿನಲ್ಲಿ (ಪಿವಟ್ ಕೂರುವ ಮಾಣಿಕ್ಯ) ಕೊಳೆ. ನಿಂತ ನಾಲ್ಕು ಭಂಗಿಯಲ್ಲಿ ಒಂದೇ ಒಂದು ಕಡೆ ಸೆಕೆಂಡು ಎದ್ದುಬಿದ್ದರೆ ಬ್ಯಾಲೆನ್ಸ್ ಚಕ್ರದ ತೂಕ ಒಂದು ಕಡೆ ಜಾಸ್ತಿ. ಗೆರೆ ನೇರ ಇರದೆ ಒಂದೇ ಅಂತರಕ್ಕೆ ಮತ್ತೆ ಮತ್ತೆ ಅಲೆ ಎದ್ದರೆ ಯಾವುದೋ ಹಲ್ಲಿನಲ್ಲಿ ಏಟು ಅಥವಾ ಕಸ.

ಅಭ್ಯಾಸಕ್ಕೆ ಹತ್ತು ಲಕ್ಷದ ವಾಚು ಬೇಡ, ಒಂದು ಎಚ್‌ಎಂಟಿ ಜನತಾ ಸಾಕು. 17 ಕಲ್ಲು, ಗಂಟೆಗೆ 18,000 ಬಡಿತ, ಬೆಂಗಳೂರಲ್ಲಿ ಬಿಚ್ಚಲು ಗೊತ್ತಿರುವವರು ಇನ್ನೂ ಇದ್ದಾರೆ. ಅಂದಹಾಗೆ ‘ಕಲಬೆರಕೆ ವಾಚು’ ಅಂದ್ರೆ ಏನು ಅಂತ ಕಲಿಯೋದಕ್ಕೂ ಎಚ್‌ಎಂಟಿಯೇ ಒಳ್ಳೇ ಪಾಠಶಾಲೆ. 1961ರಲ್ಲಿ ಸಿಟಿಜನ್ ಸಹಯೋಗದಲ್ಲಿ ಶುರುವಾದ ಕಾರ್ಖಾನೆ, 2016ಕ್ಕೆ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚುವ ತೀರ್ಮಾನ ಆಯಿತು. ಆನ್‌ಲೈನ್‌ನಲ್ಲಿ ಮಾತ್ರ ‘ಹೊಸ’ ಜನತಾ, ಪೈಲಟ್ ಮುಗಿಯೋದೇ ಇಲ್ಲ. ಹಳೇ ಮೂವ್‌ಮೆಂಟು, ಹೊಸದಾಗಿ ಅಚ್ಚು ಹಾಕಿದ ಗಿಣಿಹಸಿರು ಡಯಲ್, ಇನ್ಯಾವುದೋ ಕೇಸು. ಅಚ್ಚಿನ ಅಕ್ಷರ ದಪ್ಪ, ನಿಮಿಷದ ಗೆರೆಗೂ ಗಂಟೆಯ ಪಟ್ಟಿಗೂ ಹೊಂದಲ್ಲ. ಸಾವಿರ ರೂಪಾಯಿ ವಾಚಲ್ಲಿ ನಡೆಯುವ ಆಟವೇ ಕೋಟಿ ರೂಪಾಯಿ ವಾಚಲ್ಲೂ ನಡೆಯೋದು, ಅಚ್ಚು ಮಾತ್ರ ನಯ.

ನಿಮಿಷದ_ಮುಳ್ಳು

ಎಲ್ಲರಿಗೂ ಧನ್ಯವಾದ. ಅವರು ಕಳಿಸಿದ ಹಾಳೆಯಲ್ಲಿ ಹೀಗಿದೆ: ಮೂವ್‌ಮೆಂಟ್ ವ್ಯಾಸ 36.6 ಮಿ.ಮೀ., ದಪ್ಪ 4.5, ಗಂಟೆಗೆ 18,000 ಬಡಿತ, 17 ಕಲ್ಲು. ಟೈಮ್‌ಗ್ರಾಫರ್ ಫೋಟೋದಲ್ಲಿ ಲಿಫ್ಟ್ ಆಂಗಲ್ 52, ಆಂಪ್ಲಿಟ್ಯೂಡ್ 305, ದಿನಕ್ಕೆ +3. ಚೆನ್ನಾಗಿದೆ ಅಲ್ವಾ?

ಜಾಲಹಳ್ಳಿ_0231

36.6, 4.5, 18,000, 17 ಕಲ್ಲು, 6ಕ್ಕೆ ಸೆಕೆಂಡು. ಈ ಜಾತಕ ಯೂನಿಟಾಸ್ 6498 ಅನ್ನುವ ರೆಡಿ ಸಿಗುವ ಮೂವ್‌ಮೆಂಟಿನದು ಗುರುಗಳೇ. ಅದರ ಲಿಫ್ಟ್ ಆಂಗಲ್ 44. ಯಂತ್ರಕ್ಕೆ 52 ಅಂತ ಸುಳ್ಳು ಹೇಳಿದರೆ ಅದು ಆಂಪ್ಲಿಟ್ಯೂಡನ್ನ ಅದೇ ಪ್ರಮಾಣದಲ್ಲಿ ಉಬ್ಬಿಸಿ ತೋರಿಸುತ್ತೆ. 305 ಗುಣಿಸು 44, ಭಾಗಿಸು 52: ನಿಜವಾದದ್ದು 258 ಆಸುಪಾಸು. ಹೊಸ ವಾಚು, ಮಲಗಿರುವ ಭಂಗಿ, ಪೂರ್ತಿ ಕೀ ಕೊಟ್ಟು 258 ಅಂದರೆ ಕೆಟ್ಟದ್ದಲ್ಲ, ಹಿಗ್ಗುವಂಥದ್ದೂ ಅಲ್ಲ. ದಿನಕ್ಕೆ +3 ಅನ್ನುವುದಕ್ಕೆ ಲಿಫ್ಟ್ ಆಂಗಲ್ ಸಂಬಂಧ ಇಲ್ಲ, ಅದು ನಿಜವೇ ಇರಬಹುದು. ಆದರೆ ಒಂದೇ ಭಂಗಿಯ ಫೋಟೋ. ಇನ್ನೈದು ಎಲ್ಲಿ?

ಬೇಕಂತ ಮಾಡಿದ್ದಾರೆ ಅಂತ ನಾನು ಹೇಳ್ತಿಲ್ಲ. ಯಂತ್ರ ಆನ್ ಮಾಡಿದಾಗ ತಾನಾಗೇ 52 ಇರುತ್ತೆ, ಬದಲಿಸೋದು ಮರೆತಿರಬಹುದು. ಆದರೆ 50 ವಾಚು ಮಾಡಿ ಮಾರುವವರು ಮರೆಯೋ ವಿಷಯ ಅದಲ್ಲ.

ಲೋಲಕ

6498ರ ಅಳತೆ ಅಂದ ಮಾತ್ರಕ್ಕೆ ತಳ್ಳಿಹಾಕಬೇಡಿ. ಎಷ್ಟೋ ಒಳ್ಳೆ ಕೈಗಳು ಅದೇ ಚಕ್ರಜೋಡಣೆ ಇಟ್ಟುಕೊಂಡು ಪ್ಲೇಟು, ಬ್ರಿಡ್ಜು, ಬ್ಯಾಲೆನ್ಸ್ ಹೊಸದಾಗಿ ಮಾಡಿವೆ. ಜೇಬುಗಡಿಯಾರಕ್ಕೆ ಹುಟ್ಟಿದ ದೊಡ್ಡ ಮೂವ್‌ಮೆಂಟು, ಕೈಯಾಡಿಸಲು ಜಾಗ ಬೇಕಾದಷ್ಟಿದೆ. ಆಸ್ಟ್ರಿಯಾದ ಹಾಬ್ರಿಂಗ್ ದಂಪತಿಯ ಎ11 ಮೂವ್‌ಮೆಂಟ್ ವಾಲ್ಜೂ 7750 ಅನ್ನುವ ಹಳೇ ಮೂವ್‌ಮೆಂಟಿನ ವಿನ್ಯಾಸದಿಂದ ಬೆಳೆದದ್ದು. ಅದನ್ನ ಅವರು ಬಾಯಿಬಿಟ್ಟು ಹೇಳ್ತಾರೆ, ಅದಕ್ಕೇ ಗೌರವ. ಬ್ಯಾಲೆನ್ಸ್ ಚಕ್ರವನ್ನ ತೂಗಿಸುವ ಹೇರ್‌ಸ್ಪ್ರಿಂಗ್ ಅಂತೂ ಬಹುತೇಕ ಎಲ್ಲರೂ ಕೊಂಡು ತರೋದೇ. ತಂತಿಯನ್ನ ಕೂದಲಿಗಿಂತ ತೆಳ್ಳಗೆ ಎಳೆದು, ಚಪ್ಪಟೆ ಮಾಡಿ, ಸುತ್ತಿ, ಕುಲುಮೆಯಲ್ಲಿ ಬೇಯಿಸುವ ಕೆಲಸ ಹತ್ತು ಜನರ ಅಂಗಡಿಗೆ ಆಗುವಂಥದ್ದಲ್ಲ.

ಆದ್ದರಿಂದ ‘ನಿಮ್ಮದೇನಾ?’ ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ಭಾಗದ ಹೆಸರು ಹಿಡಿದು ಕೇಳಿ. ಮುಖ್ಯ ಪ್ಲೇಟು ಯಾರು ಕೊರೆದರು? ಚಕ್ರಗಳ ಹಲ್ಲು ಎಲ್ಲಿ ಕತ್ತರಿಸಿದ್ದು? ಎಸ್ಕೇಪ್ ವೀಲು, ಪ್ಯಾಲೆಟ್ ಫೋರ್ಕು? ಬ್ಯಾಲೆನ್ಸ್ ಚಕ್ರ? ಡಯಲ್, ಕೇಸು ಯಾರದು? ಹೊರಗಿನವರ ಹೆಸರು ಹೇಳದಿದ್ದರೂ ಪರವಾಗಿಲ್ಲ, ‘ಹೊರಗಡೆಯದು’ ಅಂತ ಒಪ್ಪಿದರೆ ಸಾಕು. ಮುಚ್ಚಿಟ್ಟವರಿಗಿಂತ ಮುಕ್ಕಾಲು ಪಾಲು ಹೊರಗಿಂದ ತಂದು ಬರೆದುಕೊಟ್ಟವರು ಮೇಲು.

6498ರ ಲಾಭ ಇನ್ನೊಂದಿದೆ. ಮೇನ್‌ಸ್ಪ್ರಿಂಗು (ಕೀ ಕೊಟ್ಟಾಗ ಬಿಗಿಯುವುದು), ಬ್ಯಾಲೆನ್ಸ್ ಸ್ಟಾಫು (ಬ್ಯಾಲೆನ್ಸ್ ಚಕ್ರದ ಅಚ್ಚು) ಸಿಗುವುದರಿಂದ ತಯಾರಕರು ಅಂಗಡಿ ಮುಚ್ಚಿದರೂ ಸಮರ್ಥರಾದ ಯಾರು ಬೇಕಾದರೂ ಓಡಿಸಬಲ್ಲರು. ನಿಜವಾಗಿ ಎಲ್ಲವೂ ಒಬ್ಬನದೇ ಆದ ವಾಚಿಗೆ ಆ ಒಬ್ಬನೇ ಗತಿ. ಹಾಗೆ ತಾವೇ ವಾಚು ಮಾಡುತ್ತಿದ್ದ ಜಾರ್ಜ್ ಡೇನಿಯಲ್ಸ್ 2011ರಲ್ಲಿ ತೀರಿಕೊಂಡರು. ಅವರ ಕೈಗಡಿಯಾರಗಳು ಅನಾಥ ಆಗಲಿಲ್ಲ, ಯಾಕಂದ್ರೆ ಅವರ ವಿಧಾನವನ್ನೇ ಕಲಿತ ರೋಜರ್ ಸ್ಮಿತ್ ಅದೇ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಇದ್ದರು. ಎಲ್ಲರಿಗೂ ಅಂಥ ಶಿಷ್ಯ ಸಿಗೋದಿಲ್ಲ. ‘ನೀವಿಲ್ಲದ ಮೇಲೆ ಯಾರು ಬಿಚ್ಚುತ್ತಾರೆ?’ ಅನ್ನುವ ಪ್ರಶ್ನೆ ಕೇಳಲು ಸಂಕೋಚ ಬೇಡ. ಒಳ್ಳೆ ತಯಾರಕರ ಹತ್ತಿರ ಅದಕ್ಕೆ ಉತ್ತರ ರೆಡಿ ಇರುತ್ತೆ.

ಕಡತದ_ಕೋಣೆ

ಕಾಗದಪತ್ರದ ಬಗ್ಗೆ ಯಾರೂ ಬರೆದಿಲ್ಲ.

2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಒಮೆಗಾ ಸ್ಪೀಡ್‌ಮಾಸ್ಟರ್ 2915-1 ಒಂದು 31 ಲಕ್ಷ ಸ್ವಿಸ್ ಫ್ರಾಂಕ್ ದಾಟಿ ಹೋಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಂಗೆ. 2023ರಲ್ಲಿ ಅದೇ ಕಂಪನಿ, ಆ ವಾಚು ಬೇರೆ ಬೇರೆ ವಾಚುಗಳ ಭಾಗ ಕೂಡಿಸಿ ಕಟ್ಟಿದ್ದು, ತನ್ನ ಮಾಜಿ ನೌಕರರು ಮೂವರು ಇದರಲ್ಲಿದ್ದರು ಅಂತ ತಾನೇ ಹೇಳಿತು. ವಾಚಿನ ಜೊತೆ ಕಂಪನಿ ದಫ್ತರದ ಪತ್ರವೂ ಇತ್ತು ಅನ್ನೋದು ಇಲ್ಲಿನ ಪಾಠ. ದಫ್ತರದ ಪತ್ರ ಹೇಳೋದು ಇಷ್ಟೇ: ಈ ನಂಬರಿನ ಮೂವ್‌ಮೆಂಟು ಇಂಥ ದಿನ ಇಂಥ ಮಾದರಿಯಾಗಿ ಕಾರ್ಖಾನೆ ಬಿಟ್ಟಿತು. ನಿಮ್ಮ ಕೈಲಿರುವ ಡಯಲ್, ಮುಳ್ಳು, ಕೇಸು ಆ ದಿನ ಅದರ ಜೊತೆಗಿದ್ದವು ಅಂತ ಅದು ಹೇಳಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ನಕಲಿ ಹಾವಳಿ ತಡೆಯಲು ಬ್ರೆಗೆ ತನ್ನ ಡಯಲ್ ಮೇಲೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಗುಟ್ಟಿನ ರುಜು ಕೊರೆಸುತ್ತಿದ್ದರು, ಇನ್ನೂರು ವರ್ಷದ ಹಿಂದೆ. ಕಾಯಿಲೆ ಅಷ್ಟು ಹಳೇದು.

ಹೊಸ ವಾಚಿಗೆ ನೀವೇ ದಫ್ತರ ಕಟ್ಟಬಹುದು. ಮೂವ್‌ಮೆಂಟ್ ನಂಬರ್, ಕೇಸ್ ನಂಬರ್, ಎರಡೂ ಒಂದೇ ಪತ್ರದಲ್ಲಿ, ತಯಾರಕರ ಸಹಿ ಸಮೇತ. ಕೇಸಿಗೆ ಹಾಕುವ ಮುಂಚೆ ಮೂವ್‌ಮೆಂಟಿನ ಎರಡೂ ಬದಿಯ ಫೋಟೋ, ಡಯಲ್ ಹಿಂಬದಿಯ ಫೋಟೋ. ಇದಕ್ಕೆ ಅವರಿಗೆ ಹತ್ತು ನಿಮಿಷ, ನಿಮಗೆ ಇಪ್ಪತ್ತು ವರ್ಷ ಉಪಯೋಗ.

ಮುಂಗಡದ ಕರಾರಿನಲ್ಲಿ ಇರಬೇಕಾದ್ದು: ಕರೆನ್ಸಿ ಯಾವುದು, ಬೆಲೆ ಗಟ್ಟಿಯೋ ‘ಅಂದಾಜು’ ಮಾತ್ರವೋ, ಕೊಡುವ ತಿಂಗಳು, ಅದು ದಾಟಿ ಎಷ್ಟು ತಿಂಗಳಾದರೆ ದುಡ್ಡು ವಾಪಸ್, ಎಷ್ಟು ದಿನದೊಳಗೆ. ಶೇ 30 ಒಮ್ಮೆಗೇ ಬೇಡ. ಬುಕಿಂಗಿಗೆ 10, ಮೂವ್‌ಮೆಂಟ್ ಓಡಿದ ವಿಡಿಯೋ ಬಂದ ಮೇಲೆ 20 ಅಂತ ಕೇಳಿ ನೋಡಿ. ಕಂಪನಿ ಮುಳುಗಿದರೆ ಮುಂಗಡ ಕೊಟ್ಟವರು ಬ್ಯಾಂಕು, ಸಂಬಳ ಎಲ್ಲ ತೀರಿದ ಮೇಲೆ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಹಾಗಾಗಿ ಮುಂಗಡ ಅಂದರೆ ಬಡ್ಡಿ ಇಲ್ಲದೆ ಕೊಟ್ಟ ಕೈಸಾಲ ಅಂತಲೇ ಲೆಕ್ಕ ಹಾಕಿ.

ಭಾರತದಲ್ಲಿ ಅಂಗಡಿಯಿಂದ ಕೊಳ್ಳುವವರಿಗೆ: 2025ರ ಏಪ್ರಿಲ್ 22ರಿಂದ 10 ಲಕ್ಷ ಮೀರಿದ ಕೈಗಡಿಯಾರಕ್ಕೆ ಮಾರುವವರು ಶೇ 1 ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯಬೇಕು. ಅದು ನಿಮ್ಮ ತೆರಿಗೆ ಲೆಕ್ಕಕ್ಕೆ ಜಮಾ ಆಗುತ್ತೆ, ಕಳೆದುಹೋಗೋದಿಲ್ಲ. ‘ಬಿಲ್ ಇಲ್ಲದೆ ಕೊಡ್ತೀನಿ’ ಅನ್ನುವವರಿಂದ ದೂರ ಇರಿ, ನಾಳೆ ಮಾರುವಾಗ ಆ ಬಿಲ್ಲೇ ವಾಚಿನ ಕುಲಗೋತ್ರ.

ಏಳು_ಸಮುದ್ರ

ಸರ್ವಿಸ್‌ಗೆ ಸ್ವಿಟ್ಜರ್ಲೆಂಡಿಗೆ ಕಳಿಸೋದು ಬಂದೇ ಬರುತ್ತೆ, ಅದರ ಕಷ್ಟ ಈಗಲೇ ತಿಳಿದಿರಲಿ. ರಿಪೇರಿಗೆ ಹೊರದೇಶಕ್ಕೆ ಹೋಗಿ ಬಂದ ವಸ್ತುವಿಗೆ ಸುಂಕದ ನಿಯಮದ ಪ್ರಕಾರ ರಿಪೇರಿ ಖರ್ಚು, ಎರಡೂ ಕಡೆಯ ಸಾಗಣೆ ಮತ್ತು ವಿಮೆಯ ಮೇಲೆ ಮಾತ್ರ ಸುಂಕ, ಪೂರ್ತಿ ಬೆಲೆಯ ಮೇಲಲ್ಲ. ಆದರೆ ಹೋದದ್ದೇ ಬಂದದ್ದು ಅಂತ ತೋರಿಸಬೇಕು. ಕಳಿಸುವಾಗ ಶಿಪ್ಪಿಂಗ್ ಬಿಲ್‌ನಲ್ಲಿ ‘ರಿಪೇರಿಗಾಗಿ’ ಅಂತಲೂ ಕೇಸ್ ನಂಬರ್, ಮೂವ್‌ಮೆಂಟ್ ನಂಬರ್ ಎರಡೂ ಬರೆಸಿ. ಸಾಮಾನ್ಯ ಕೊರಿಯರ್‌ನಲ್ಲಿ ‘ಉಡುಗೊರೆ’ ಅಂತ ಕಳಿಸಿದರೆ ವಾಪಸ್ ಬರುವಾಗ ಹೊಸ ವಾಚಿನ ಸುಂಕ ಕಟ್ಟಬೇಕಾಗುತ್ತೆ. ನೀವೇ ಕೈಗೆ ಕಟ್ಟಿಕೊಂಡು ಹೋಗುವುದಾದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತಗೊಳ್ಳಿ.

ಇನ್ನೊಂದು: ಪಟ್ಟಿ ಬಿಚ್ಚಿ ಕಳಿಸಿ. ಮೊಸಳೆ ಚರ್ಮದ ಪಟ್ಟಿಗೆ ವನ್ಯಜೀವಿ ವ್ಯಾಪಾರದ ಪತ್ರ ಬೇಕು, ಇಲ್ಲದಿದ್ದರೆ ಗಡಿಯಲ್ಲೇ ಹಿಡಿದಿಡ್ತಾರೆ. ಪಟ್ಟಿಯ ದೆಸೆಯಿಂದ ವಾಚು ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂರುತ್ತೆ.

ಕಳಿಸುವ ಮುಂಚೆ ಒಮ್ಮೆ ದಿಕ್ಸೂಚಿ ಹತ್ತಿರ ಹಿಡಿದು ನೋಡಿ. ನಿನ್ನೆವರೆಗೆ ಸರಿಯಿದ್ದ ವಾಚು ಇವತ್ತು ದಿನಕ್ಕೆ ಎರಡು ಮೂರು ನಿಮಿಷ ಮುಂದೆ ಓಡಿದರೆ ಬಹಳ ಸಲ ಅದು ಅಯಸ್ಕಾಂತದ ಕಾಟ, ಫೋನ್ ಕವರ್, ಸ್ಪೀಕರ್, ಬ್ಯಾಗಿನ ಬಟನ್. ಹೇರ್‌ಸ್ಪ್ರಿಂಗಿನ ಸುರುಳಿಗಳು ಅಂಟಿಕೊಂಡು ಚಿಕ್ಕದಾದ ಹಾಗೆ ವರ್ತಿಸುತ್ತವೆ. ಡಿಮ್ಯಾಗ್ನೆಟೈಜರ್‌ನಲ್ಲಿ ಒಂದು ನಿಮಿಷದ ಕೆಲಸ.

ನಿಮಿಷದ_ಮುಳ್ಳು

ಸಣ್ಣಪುಟ್ಟ ಸರ್ವಿಸ್ ಇಲ್ಲೇ ಮಾಡಿಸೋದಾದರೆ ರಿಪೇರಿಯವರಿಗೆ ಏನು ಹೇಳಬೇಕು? ಅವರನ್ನ ಪರೀಕ್ಷೆ ಮಾಡೋದು ಹೇಗೆ?

ಸ್ಕ್ರೂ_ತಲೆ

ಪರೀಕ್ಷೆಗೆ ಒಂದು ಪ್ರಶ್ನೆ ಸಾಕು: ‘ಎಲ್ಲೆಲ್ಲಿ ಯಾವ ಎಣ್ಣೆ ಹಾಕ್ತೀರಿ?’ ಗೊತ್ತಿರುವವರು ಬ್ಯಾಲೆನ್ಸ್‌ನಂಥ ವೇಗದ ಪಿವಟ್‌ಗೆ ಮೋಬಿಯಸ್ ಕಂಪನಿಯ ತೆಳು ಎಣ್ಣೆ 9010, ಬ್ಯಾರೆಲ್ (ಮೇನ್‌ಸ್ಪ್ರಿಂಗ್ ಕೂರುವ ಡಬ್ಬಿ) ಕಡೆಯ ನಿಧಾನದ ಚಕ್ರಕ್ಕೆ ದಪ್ಪನೆಯದು, ಪ್ಯಾಲೆಟ್ ಕಲ್ಲಿನ ಮುಖಕ್ಕೆ 9415 ಅಂತಾರೆ. ಪ್ಯಾಲೆಟ್ ಫೋರ್ಕಿನ ಪಿವಟ್‌ಗೆ ಏನೂ ಹಾಕಲ್ಲ, ಒಣಗೇ ಬಿಡ್ತೀವಿ ಅಂತ ತಾವಾಗೇ ಹೇಳಿದರೆ ವಾಚು ಕೊಡಿ. ಎಲ್ಲದಕ್ಕೂ ಒಂದೇ ಸೀಸೆ ತೋರಿಸಿದರೆ ಚಹಾ ಕುಡಿದು ಎದ್ದು ಬನ್ನಿ. ಎಣ್ಣೆ ಜಾಸ್ತಿಯಾದರೂ ಕಮ್ಮಿಯಾದಷ್ಟೇ ಕೆಡುಕು: ಕಲ್ಲಿನ ಬಟ್ಟಲು ಅರ್ಧದಿಂದ ಮುಕ್ಕಾಲಿನೊಳಗೆ ತುಂಬಿದರೆ ಅಲ್ಲೇ ನಿಲ್ಲುತ್ತೆ, ತುಳುಕಿದರೆ ಹರಿದು ಹೋಗಿ ಪಿವಟ್ ಒಣಗುತ್ತೆ.

ರಬ್ಬರ್ ಬೆರಳುಚೀಲ ಹಾಕ್ತಾರಾ ನೋಡಿ. ಜರ್ಮನಿಯ ಗ್ಲಾಸ್‌ಹ್ಯೂಟೆಯ ಎ. ಲಾಂಗೆ ವಾಚಿನ ಜರ್ಮನ್ ಸಿಲ್ವರ್ ಪ್ಲೇಟಿಗೆ ಲೇಪನ ಇರಲ್ಲ, ಒಂದು ಬೆರಳು ತಾಗಿದರೆ ತಿಂಗಳಲ್ಲಿ ಕಂದು ಅಚ್ಚು ಏಳುತ್ತೆ. ಹಳೇದನ್ನ ಕೊಳ್ಳುವಾಗ ಆ ಬೆರಳಚ್ಚು ಕಂಡರೆ ಕಾರ್ಖಾನೆಯ ಹೊರಗೆ ಯಾರೋ ಬಿಚ್ಚಿದ್ದಾರೆ ಅಂತ ಅದೇ ಸಾಕ್ಷಿ.

ಚೀಟಿಯಲ್ಲಿ ಬರೆಸಬೇಕಾದ್ದು ಎರಡು. ಬದಲಿಸಿದ ಪ್ರತಿ ಹಳೇ ಭಾಗವನ್ನೂ ಪೊಟ್ಟಣದಲ್ಲಿ ವಾಪಸ್ ಕೊಡಬೇಕು. ಕೇಸಿಗೆ ಪಾಲಿಶ್ ಮುಟ್ಟಿಸಬಾರದು. ಈ ಎರಡನೇದನ್ನ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಯಾಕಂದ್ರೆ ಪ್ರೀತಿಯಿಂದ ‘ಹೊಸದರ ಹಾಗೆ ಮಾಡಿಕೊಟ್ಟಿದ್ದೀನಿ ಸಾರ್’ ಅಂತಾರೆ. ಪಟ್ಟಿ ಹಿಡಿಯುವ ಕೊಂಬಿನ ಚೂಪು ಅಂಚು ಬಟ್ಟೆಚಕ್ರದ ಮುಂದೆ ಕ್ಷಣದಲ್ಲಿ ಸೋಪಿನ ಹಾಗೆ ದುಂಡಗಾಗುತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಚಿನ್ನ, ಪ್ಲಾಟಿನಂ ಕೇಸಾದರೆ ಹಾಲ್‌ಮಾರ್ಕ್ ಮುದ್ರೆ ನೋಡಿ: 1995ರಿಂದ ಈಚೆಗೆ ಸ್ವಿಸ್ ಮುದ್ರೆ ಅಂದರೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ. ನಾಯಿಯ ಮೂತಿ, ಕಿವಿ ಸ್ಪಷ್ಟ ಇದ್ದರೆ ಪಾಲಿಶ್ ಕಮ್ಮಿ ಆಗಿದೆ. ಬರೀ ಗುಳಿ ಕಂಡರೆ ಲೋಹ ಎಷ್ಟು ಹೋಗಿದೆ ಅಂತ ನೀವೇ ಊಹಿಸಿ.

ಕರಾವಳಿಯವರು 30 ಮೀಟರ್ ಅಂತ ಬರೆದಿದ್ದನ್ನ ನಂಬಿ ನೀರಿಗೆ ಇಳಿಯಬೇಡಿ, ಮಳೆ ಹನಿ ತಡೆಯುತ್ತೆ ಅಷ್ಟೇ. ಗಾಜಿನ ಒಳಗೆ ಮಂಜು ಕಟ್ಟಿದರೆ ಅವತ್ತೇ ಬಿಚ್ಚಿಸಿ, ಉಪ್ಪುಗಾಳಿಯಲ್ಲಿ ಕೀ ಹತ್ತಿರದ ಉಕ್ಕಿನ ಲೀವರ್‌ಗಳು ಮೊದಲು ತುಕ್ಕು ಹಿಡಿಯೋದು.

ನಿಮಿಷದ_ಮುಳ್ಳು

ಇವತ್ತು ರಾತ್ರಿ ಅವರಿಗೆ ಬರೆಯುತ್ತಿರುವುದು ಇದು: ಯಾವ ಭಾಗ ಒಳಗೆ, ಯಾವುದು ಹೊರಗೆ. ಲಿಫ್ಟ್ ಆಂಗಲ್ 44 ಇಟ್ಟು ಆರು ಭಂಗಿ, ಮತ್ತೆ 24 ಗಂಟೆಗೆ ಆರು. ಡಯಲ್ ಕೆಳಬದಿಯ ಫೋಟೋ. 50 ಒಟ್ಟೋ, ಬಣ್ಣಕ್ಕೊಂದರಂತೋ. ಮುಂಗಡ ಎರಡು ಕಂತು, ವಾಪಸಿನ ಗಡುವು. ಏನಾದರೂ ಬಿಟ್ಟೆನಾ?

ಲೋಲಕ

ಎರಡು ಸೇರಿಸಿ. ಮೇನ್‌ಸ್ಪ್ರಿಂಗಿನ ಅಗಲ, ದಪ್ಪ, ಉದ್ದ. ಬ್ಯಾಲೆನ್ಸ್ ಸ್ಟಾಫ್ 6498ದೇ ಆಗಿರದಿದ್ದರೆ ಅದರ ಅಳತೆ ಚಿತ್ರ. ಈ ಎರಡು ಹಾಳೆ ಇದ್ದರೆ ಮುಂದೆ ಯಾರೇ ಆಗಲಿ ಲೇತ್ ಮೇಲೆ ಕೂತು ನಿಮ್ಮ ವಾಚನ್ನ ಓಡಿಸಬಹುದು. ಕೊಡೋದಕ್ಕೆ ಆಗಲ್ಲ ಅಂದರೆ, ಪ್ರತಿ ವಾಚಿಗೆ ಒಂದೊಂದು ಸ್ಟಾಫು, ಸ್ಪ್ರಿಂಗು ಜೊತೆಗೆ ಕೊಡ್ತೀರಾ ಅಂತ ಕೇಳಿ.

ಜಾಲಹಳ್ಳಿ_0231

ಅವರ ಉತ್ತರ ಬಂದಾಗ ಆರು ಅಂಕಿಯನ್ನ ಇಲ್ಲಿ ಹಾಕಿ. ಫೋಟೋ ಬೇಡ, ವಿಡಿಯೋ ಕೇಳಿ, ಭಂಗಿ ಬದಲಿಸುವ ಕೈ ಕಾಣಬೇಕು.